ಶಿರಸಿಯ ಅಂಗಡಿಯಿಂದ ಕಾರವಾರದ ಮಳಿಗೆಗೆ: ಒಂದು ನೇಮಕಾತಿಯ ಪ್ರಕರಣ ಅಧ್ಯಯನ

ಅರ್ಜಿಯಲ್ಲಿ ಒಂದು ಕಾಲಂ ಇತ್ತು. ಹಿಂದಿನ ಸಂಸ್ಥೆಯ ಎಚ್‌ಆರ್ ವಿಭಾಗದ ಇಮೇಲ್ ಬರೆಯಿರಿ ಅಂತ. ಆಕೆ ಕೆಲಸ ಮಾಡುತ್ತಿದ್ದ ಶಿರಸಿ ಪೇಟೆಯ ಅಂಗಡಿಯಲ್ಲಿ ಎಚ್‌ಆರ್ ಅಂತ ಯಾರೂ ಇಲ್ಲ. ಮಾಲೀಕರಿದ್ದಾರೆ, ಅವರ ತಮ್ಮ ಇದ್ದಾರೆ, ಗಲ್ಲಾದ ಪಕ್ಕ ಒಂದು ಫೋನ್ ಇದೆ. ಆ ಕಾಲಂ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೆ ಹೋಗುತ್ತಿರಲಿಲ್ಲ. ಆಕೆ ಎರಡು ದಿನ ಯೋಚಿಸಿದಳು. ಆಮೇಲೆ ಮಾಲೀಕರ ಹತ್ತಿರ ಹೋಗಿ, ಕಾರವಾರದಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೇನೆ, ನಿಮ್ಮ ಇಮೇಲ್ ಕೊಡಬಹುದಾ ಅಂತ ನೇರವಾಗಿ ಕೇಳಿದಳು. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲದ ಹೊತ್ತಿನಲ್ಲಿ ಇದು ಸಣ್ಣ ಧೈರ್ಯ ಅಲ್ಲ. ಈ ಪ್ರಕರಣದ ಮೊದಲ ತೀರ್ಮಾನ ಇದೇ. ಇದರ ಫಲ ಕೊನೆಯ ಹಂತದಲ್ಲಿ ಕಾಣಿಸಿತು.

ಈ ಬರಹದಲ್ಲಿ ಆಕೆಯ ಹೆಸರು, ಹಳ್ಳಿ, ಅಂಗಡಿ, ಕಂಪನಿ ಯಾವುದರ ಗುರುತೂ ಇಲ್ಲ. ಕೆಲವು ವಿವರ ಮತ್ತು ಹಣದ ಅಂಕಿಗಳನ್ನು ಸ್ವಲ್ಪ ಬದಲಿಸಿದ್ದೇನೆ. ನಡೆದದ್ದರ ಕ್ರಮ ಮತ್ತು ಆಕೆ ತೆಗೆದುಕೊಂಡ ತೀರ್ಮಾನಗಳು ಹಾಗೇ ಇವೆ. ಬರೆಯಲು ಆಕೆ ಒಪ್ಪಿದ್ದಾಳೆ. ನಾನು ಹಿಂದೆ ಮಳಿಗೆಗಳ ಸಿಬ್ಬಂದಿಗೆ ತರಬೇತಿ ಕೊಡುತ್ತಿದ್ದೆ. ಈಗ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರು ಸಂದರ್ಶನಕ್ಕೆ ತಯಾರಾಗುವಾಗ ಜೊತೆಗೆ ಕೂರುತ್ತೇನೆ. ಸಣ್ಣ ಊರಿನ ಅಂಗಡಿಗಳಲ್ಲಿ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಚೆನ್ನಾಗಿ ಗೊತ್ತಿರುತ್ತದೆ, ಆದರೆ ಕಾಗದದಲ್ಲಿ ಏನೂ ಇರುವುದಿಲ್ಲ. ದೊಡ್ಡ ಕಂಪನಿಗಳ ನೇಮಕಾತಿ ಕಾಗದದಿಂದಲೇ ಶುರುವಾಗುತ್ತದೆ. ಇದರಿಂದ ಒಳ್ಳೆಯ ಜನ ಮೊದಲ ಸುತ್ತಿನಲ್ಲೇ ಬಿದ್ದುಹೋಗುವುದನ್ನು ನೋಡಿ ನನಗೆ ತುಂಬಾ ಬೇಸರವಾಗಿದೆ. ಆಕೆ ದಾಟಿದ ದಾರಿ ಬೇರೆಯವರಿಗೂ ಉಪಯೋಗಕ್ಕೆ ಬರಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಹಿನ್ನೆಲೆ

ಆಕೆಗೆ ಮೂವತ್ತರ ಆಸುಪಾಸು. ಬಿಕಾಂ ಮುಗಿಸಿ ಪೇಟೆಯ ಆ ಅಂಗಡಿಗೆ ಬಿಲ್ಲಿಂಗ್ ಕೆಲಸಕ್ಕೆ ಸೇರಿದಳು. ದಿನಸಿ, ಪಾತ್ರೆ, ಪ್ಲಾಸ್ಟಿಕ್ ಸಾಮಾನು, ಸ್ವಲ್ಪ ಬಟ್ಟೆ ಸಿಗುವ ಎರಡು ಮಹಡಿಯ ಅಂಗಡಿ. ಹದಿನಾಲ್ಕು ಜನ ಕೆಲಸಗಾರರು. ಬಿಲ್ಲಿಂಗ್‌ನಿಂದ ಸ್ಟಾಕ್‌ಗೆ, ಸ್ಟಾಕ್‌ನಿಂದ ಇಡೀ ಅಂಗಡಿಯ ಉಸ್ತುವಾರಿಗೆ ಬಂದಳು. ಬಡ್ತಿ ಪತ್ರ ಅಂತ ಯಾವತ್ತೂ ಬರಲಿಲ್ಲ. ಒಂದು ಬೆಳಿಗ್ಗೆ ಮಾಲೀಕರು ಬೀಗದ ಕೈ ಕೊಟ್ಟರು, ಅಷ್ಟೇ.

ಆಕೆ ಅಲ್ಲಿ ಮಾಡುತ್ತಿದ್ದ ಕೆಲಸ ನೋಡಿದರೆ ಯಾವ ಸ್ಟೋರ್ ಮ್ಯಾನೇಜರ್‌ಗೂ ಕಡಿಮೆ ಇರಲಿಲ್ಲ. ಯಾರಿಗೆ ಯಾವ ದಿನ ರಜೆ ಅಂತ ಪಟ್ಟಿ ಮಾಡುವುದು, ಕಂಪನಿ ಏಜೆಂಟರ ಹತ್ತಿರ ಚೌಕಾಸಿ, ಅವಧಿ ಮುಗಿಯುವ ಸರಕನ್ನು ಮೊದಲೇ ಮುಂದೆ ತಂದು ಇಡುವುದು, ಉದ್ರಿ ವಸೂಲಿ. ಶಿರಸಿ ಕಡೆಯ ಉದ್ರಿ ಲೆಕ್ಕ ಬೇರೆಯೇ. ಅಡಿಕೆ ಕೊಯ್ಲಾಗಿ, ಬೇಯಿಸಿ ಒಣಗಿಸಿ, ಮಾರಾಟವಾದ ಮೇಲೆ ಹಣ ಬರುತ್ತದೆ. ಕೆಲವು ಮನೆಯವರು ದರ ಏರಲಿ ಅಂತ ಮಾಲು ಇಟ್ಟುಕೊಳ್ಳುತ್ತಾರೆ. ಯಾವ ಮನೆಯ ಬಾಕಿ ಯಾವಾಗ ತೀರುತ್ತದೆ ಅಂತ ಆಕೆಗೆ ಬಾಯಿಪಾಠ.

ಇದರ ಜೊತೆಗೆ ಜಾತ್ರೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ದಿನಗಳಲ್ಲಿ ಪೇಟೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. 2022ರ ಜಾತ್ರೆಯಲ್ಲಿ ಯಾವ ಸಾಮಾನು ಯಾವ ದಿನ ಖಾಲಿಯಾಯಿತು, ಯಾವುದು ಸುಮ್ನೆ ಉಳಿಯಿತು ಅಂತ ಆಕೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟಳು. ಯಾರೂ ಬರೆಯಲು ಹೇಳಿರಲಿಲ್ಲ. 2024ರ ಜಾತ್ರೆಗೆ ಆ ಪುಸ್ತಕ ನೋಡಿಯೇ ಆರ್ಡರ್ ಹಾಕಿದಳು.

ಸಂಬಳ ತಿಂಗಳಿಗೆ 19,000. ಮೊದಲ ಕೆಲವು ವರ್ಷ ಕೈಗೆ ನಗದು, ಆಮೇಲೆ ಬ್ಯಾಂಕ್ ಖಾತೆಗೆ. ಪಿಎಫ್ ಇಲ್ಲ. ನೇಮಕಾತಿ ಪತ್ರ ಇಲ್ಲ. ಹೀಗಿರುವಾಗ ಒಂದು ದೊಡ್ಡ ಕಂಪನಿ ಕಾರವಾರದಲ್ಲಿ ದೀಪಾವಳಿಗೆ ಮೊದಲು ಹೊಸ ಮಳಿಗೆ ತೆರೆಯುತ್ತದೆ, ಸ್ಟೋರ್ ಮ್ಯಾನೇಜರ್ ಬೇಕು ಅಂತ ಪ್ರಕಟಣೆ ಬಂತು. ಆಕೆ ಮೇ ಕೊನೆಯಲ್ಲಿ ಅರ್ಜಿ ಹಾಕಿದಳು.

ಫೋನ್, ಪರೀಕ್ಷೆ, ವಿಡಿಯೋ

ಮೊದಲು ಎಚ್‌ಆರ್ ಫೋನ್. ಹತ್ತು ನಿಮಿಷ. ಈಗಿನ ಸಂಬಳ, ನಿರೀಕ್ಷೆ, ಕಾರವಾರಕ್ಕೆ ಬರಲು ತಯಾರಾ, ಯಾವ ಭಾಷೆ ಬರುತ್ತದೆ. ಕನ್ನಡ, ಹಿಂದಿ, ಓದಿ ಬರೆಯುವಷ್ಟು ಇಂಗ್ಲಿಷ್, ಅರ್ಥವಾಗುವಷ್ಟು ಕೊಂಕಣಿ ಅಂದಳು. ಕರಾವಳಿಯ ಮಳಿಗೆಗೆ ಇದು ಒಳ್ಳೆಯ ಉತ್ತರ.

ಮುಂದೆ ಆನ್‌ಲೈನ್ ಪರೀಕ್ಷೆ. ಅರ್ಧ ಭಾಗ ಲೆಕ್ಕ, ಅರ್ಧ ಭಾಗ 'ಹೀಗಾದರೆ ನೀವೇನು ಮಾಡುತ್ತೀರಿ' ಅನ್ನುವ ಪ್ರಶ್ನೆಗಳು. ಲೆಕ್ಕದ ಭಾಗಕ್ಕೆ ನಾವು ಕೂತು ತಯಾರಿ ಮಾಡಿದ್ದೆವು. ಅದರ ಒಂದು ಉದಾಹರಣೆ ಇಲ್ಲಿ ಕೊಡುತ್ತೇನೆ, ಯಾಕೆಂದರೆ ಚಿಲ್ಲರೆ ವ್ಯಾಪಾರದ ಅರ್ಧ ಲೆಕ್ಕ ಇದರೊಳಗಿದೆ. ಮಳಿಗೆಗೆ ದಿನಕ್ಕೆ 800 ಜನ ಬರುತ್ತಾರೆ. 320 ಬಿಲ್ ಆಗುತ್ತದೆ. ಒಂದು ಬಿಲ್ ಸರಾಸರಿ 450 ರೂಪಾಯಿ. ಅಂದರೆ ಬಂದವರಲ್ಲಿ ಶೇ 40 ಜನ ಕೊಂಡರು, ಇದಕ್ಕೆ ಕನ್ವರ್ಷನ್ ಅನ್ನುತ್ತಾರೆ. ದಿನದ ಮಾರಾಟ 1,44,000. ಈಗ ಕನ್ವರ್ಷನ್ ಶೇ 45ಕ್ಕೆ ಏರಿದರೆ 360 ಬಿಲ್, ಮಾರಾಟ 1,62,000. ಅದರ ಬದಲು ಸರಾಸರಿ ಬಿಲ್ ಶೇ 5ರಷ್ಟು ಏರಿದರೆ 1,51,200. ಯಾವುದರ ಹಿಂದೆ ಹೋಗಬೇಕು ಅಂತ ತೀರ್ಮಾನಿಸಲು ಈ ಮೂರು ಅಂಕಿ ಸಾಕು. ಆಕೆಗೆ ಈ ಹೆಸರುಗಳು ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು. ಬಂದು ನೋಡಿ ಹೋಗುವವರು ಜಾಸ್ತಿ ಆದರೆ ಏನೋ ಸಿಗುತ್ತಿಲ್ಲ ಅಂತಲೇ ಅರ್ಥ, ಅಲ್ವಾ?

ಶ್ರಿಂಕೇಜ್, ಅಂದರೆ ಲೆಕ್ಕದಲ್ಲಿದ್ದು ಎಣಿಸಿದಾಗ ಸಿಗದ ಸರಕು, ಅದೂ ಹಾಗೇ. ಪುಸ್ತಕದ ಪ್ರಕಾರ 10,00,000 ರೂಪಾಯಿ ಸರಕು ಇರಬೇಕು, ಎಣಿಸಿದರೆ 9,85,000 ಇದೆ. ಆ ಅವಧಿಯ ಮಾರಾಟ 30,00,000 ಆಗಿದ್ದರೆ, ಕೊರತೆಯಾದ 15,000 ಅದರ ಶೇ 0.5. ಶ್ರಿಂಕೇಜ್ ಅಷ್ಟು. ಕಳ್ಳತನ, ಹಾಳಾದದ್ದು, ಬಿಲ್ಲಿಂಗ್ ತಪ್ಪು, ಲಾರಿಯಿಂದ ಕಡಿಮೆ ಬಂದದ್ದು, ಎಲ್ಲ ಇದರಲ್ಲಿ ಸೇರುತ್ತದೆ.

ಪರೀಕ್ಷೆ ಪಾಸಾಯಿತು. ತೊಂದರೆ ಆದದ್ದು ಮೂರನೇ ಹಂತದಲ್ಲಿ. ಅದು ರೆಕಾರ್ಡ್ ಮಾಡುವ ವಿಡಿಯೋ ಸಂದರ್ಶನ. ಎದುರಿಗೆ ಯಾರೂ ಇಲ್ಲ. ಪರದೆ ಮೇಲೆ ಪ್ರಶ್ನೆ ಬರುತ್ತದೆ, 90 ಸೆಕೆಂಡಿನಲ್ಲಿ ಉತ್ತರ ಹೇಳಬೇಕು. ಜೂನ್ ಮಳೆ ಶುರುವಾಗಿತ್ತು, ಹಳ್ಳಿಯಲ್ಲಿ ಕರೆಂಟ್ ಇದ್ದರೆ ನೆಟ್‌ವರ್ಕ್ ಇಲ್ಲ. ಆಕೆ ಪೇಟೆಯ ಗೆಳತಿಯ ಮನೆಗೆ ಹೋಗಿ ಕೂತಳು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು, ಉತ್ತರವನ್ನೂ ಇಂಗ್ಲಿಷಿನಲ್ಲೇ ಹೇಳಬೇಕು ಅಂತ ಆಕೆ ಅಂದುಕೊಂಡಳು. ಎಲ್ಲೋ ಕೇಳಿದ ವಾಕ್ಯಗಳು ಬಾಯಿಗೆ ಬಂದವು. ಟೀಮ್ ಪ್ಲೇಯರ್, ಕಷ್ಟಪಟ್ಟು ಕೆಲಸ ಮಾಡುವವಳು, ಕಸ್ಟಮರ್ ಮೊದಲು. ಜಾತ್ರೆಯ ಸುದ್ದಿಯೇ ಬರಲಿಲ್ಲ. ಆರು ವರ್ಷ ಕೆಲಸ ಮಾಡಿದವಳ ಉತ್ತರ ನಿನ್ನೆ ಕಾಲೇಜು ಮುಗಿಸಿದವರ ಉತ್ತರದ ಹಾಗಿತ್ತು.

ಹೇಗೋ ಮುಂದಿನ ಹಂತಕ್ಕೆ ಹೆಸರು ಬಂತು. ಸಂವಹನ ಸಾಧಾರಣ ಅನ್ನುವ ಟಿಪ್ಪಣಿ ಇದೆ ಅಂತ ಎಚ್‌ಆರ್ ಹೇಳಿದರು. ಆ ಫೋನಿನಲ್ಲೇ ಆಕೆ ಕೇಳಿದಳು: 'ಮುಂದಿನ ಸುತ್ತಿನಲ್ಲಿ ನಾನು ಕನ್ನಡದಲ್ಲಿ ಮಾತಾಡಬಹುದಾ?' ಆ ಕಡೆಯಿಂದ ಬಂದ ಉತ್ತರ ಸರಳವಾಗಿತ್ತು. ಏರಿಯಾ ಮ್ಯಾನೇಜರ್‌ಗೆ ಕನ್ನಡ ಬರುತ್ತದೆ, ಅಂಕಿ ಅಂಶದ ಹಾಳೆ ಇಂಗ್ಲಿಷಿನಲ್ಲಿದ್ದರೆ ಸಾಕು, ಮಾತು ಕನ್ನಡದಲ್ಲಿ ಇರಬಹುದು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿ. ಕೇಳಿದರೆ ಮೈನಸ್ ಅಂಕ ಬೀಳುತ್ತದೆ ಅಂತ ನಮ್ಮವರು ಹೆದರುತ್ತಾರೆ. ಕರಾವಳಿಯ ಮಳಿಗೆ ನಡೆಸಲು ಕರಾವಳಿಯ ಮಾತು ಬೇಕು, ಕಂಪನಿಗೂ ಇದು ಗೊತ್ತಿದೆ. ಎಲ್ಲ ಕಡೆ ಒಪ್ಪುತ್ತಾರೆ ಅಂತ ಹೇಳಲಾರೆ, ಆದರೆ ಕೇಳಿದ್ದಕ್ಕೆ ಯಾರನ್ನಾದರೂ ಕೈಬಿಟ್ಟದ್ದನ್ನು ನಾನು ನೋಡಿಲ್ಲ.

ಅದಾದ ಮೇಲೆ ಜಾತ್ರೆಯ ನೋಟ್‌ಬುಕ್ ತೆಗೆದೆವು. ಸಂದರ್ಶನದಲ್ಲಿ ಅನುಭವ ಹೇಳಲು ಸ್ಟಾರ್ ಅನ್ನುವ ಕ್ರಮ ಇದೆ. ಪರಿಸ್ಥಿತಿ ಏನಿತ್ತು, ನಿಮ್ಮ ಜವಾಬ್ದಾರಿ ಏನು, ನೀವು ಏನು ಮಾಡಿದಿರಿ, ಏನಾಯಿತು. ಆಕೆಯ ಪುಸ್ತಕದಲ್ಲಿ ನಾಲ್ಕೂ ಇತ್ತು. 2022ರಲ್ಲಿ ಮಕ್ಕಳ ಸಾಮಾನು, ನೀರಿನ ಬಾಟಲಿ ಮೂರನೇ ದಿನಕ್ಕೆ ಖಾಲಿ. ಚಾಪೆ, ದೊಡ್ಡ ಪಾತ್ರೆ ರಾಶಿ ಉಳಿದಿತ್ತು. ಉಳಿದ ಸರಕಿನ ಬೆಲೆ ಸುಮಾರು 1,80,000. 2024ರಲ್ಲಿ ಅದು 60,000ದ ಒಳಗೆ ಬಂತು. 'ಚೆನ್ನಾಗಿ ನಿಭಾಯಿಸಿದೆ' ಅನ್ನುವ ಮಾತಿಗಿಂತ ಈ ಎರಡು ಅಂಕಿಗೆ ತೂಕ ಜಾಸ್ತಿ.

ಹುಬ್ಬಳ್ಳಿಯಲ್ಲಿ ಒಂದು ದಿನ

ನಾಲ್ಕನೇ ಹಂತಕ್ಕೆ ಕಂಪನಿಯ ಹುಬ್ಬಳ್ಳಿ ಮಳಿಗೆಗೆ ಕರೆದರು. ಬೆಳಿಗ್ಗೆ ತೆರೆಯುವ ಮೊದಲಿನಿಂದ ಮಧ್ಯಾಹ್ನದವರೆಗೆ ಅಲ್ಲಿರಬೇಕು, ನೋಡಬೇಕು, ಕಂಡ ದೋಷಗಳನ್ನು ಬರೆಯಬೇಕು. ಅಂದು ಮೂವರು ಅಭ್ಯರ್ಥಿಗಳಿದ್ದರು. ಉಳಿದಿಬ್ಬರು ಮಳಿಗೆಯ ಮುಂಭಾಗದಿಂದ ಶುರು ಮಾಡಿದರು. ಡಿಸ್‌ಪ್ಲೇ, ಬೆಲೆ ಚೀಟಿ, ಕ್ಯೂ. ಆಕೆ ಅನುಮತಿ ಕೇಳಿ ಹಿಂಬಾಗಿಲಿಗೆ ಹೋದಳು, ಲಾರಿ ಸರಕು ಇಳಿಯುವ ಕಡೆಗೆ.

ಯಾಕೆ ಅಂತ ಆಮೇಲೆ ಕೇಳಿದ್ದಕ್ಕೆ, 'ನಮ್ಮ ಅಂಗಡಿಯಲ್ಲಿ ನಷ್ಟ ಯಾವಾಗಲೂ ಅಲ್ಲಿಂದಲೇ ಶುರು' ಅಂದಳು. ಅವಳು ನೋಡಿದ್ದು ಇಷ್ಟು. ಸರಕು ಇಳಿಸಿಕೊಳ್ಳುವ ಹುಡುಗ ಒಬ್ಬನೇ. ಪೆಟ್ಟಿಗೆಗಳ ಸಂಖ್ಯೆ ಎಣಿಸುತ್ತಿದ್ದ, ಒಳಗಿನ ಸಾಮಾನು ಎಣಿಸುತ್ತಿರಲಿಲ್ಲ. ಚಲನ್ ನೋಡಿ ಹಾಗೇ ಸಿಸ್ಟಂಗೆ ಹತ್ತಿಸುತ್ತಿದ್ದ. ಹೀಗಾದರೆ ಒಳಗೆ ಕಡಿಮೆ ಬಂದದ್ದು ಮಳಿಗೆಯ ಲೆಕ್ಕಕ್ಕೆ ನಷ್ಟವಾಗಿ ಕೂರುತ್ತದೆ. ಆಕೆ ಆ ಹುಡುಗನನ್ನು ದೂರಲಿಲ್ಲ. ಹತ್ತು ಪೆಟ್ಟಿಗೆ ಬಂದರೆ ಯಾವುದಾದರೂ ಎರಡನ್ನು ಬಿಚ್ಚಿ ಎಣಿಸುವುದು, ಬೆಲೆ ಜಾಸ್ತಿ ಇರುವ ಸಾಮಾನಿನ ಪೆಟ್ಟಿಗೆಯನ್ನು ಪೂರ್ತಿ ಎಣಿಸುವುದು, ಬೆಳಗಿನ ಒಂದು ಗಂಟೆ ಇನ್ನೊಬ್ಬರನ್ನು ಅಲ್ಲಿಗೆ ಹಾಕುವುದು ಅಂತ ಬರೆದಳು.

ಇನ್ನೊಂದು ವಿಷಯ ಮೊಸರಿನ ಫ್ರಿಜ್. ಹೊಸ ಸರಕು ಮುಂದೆ, ಹಳೆಯದು ಹಿಂದೆ ಇತ್ತು. ಮೊದಲು ಅವಧಿ ಮುಗಿಯುವುದು ಮೊದಲು ಹೋಗಬೇಕು. ಸರಿ ಮಾಡುವ ಮೊದಲು ಅಲ್ಲಿನ ಹುಡುಗಿಯನ್ನು ಕೇಳಿ, ಇಬ್ಬರೂ ಸೇರಿ ಜೋಡಿಸಿದರು. ಮಳಿಗೆಯ ಮ್ಯಾನೇಜರ್ ದೂರದಿಂದ ಇದನ್ನು ನೋಡುತ್ತಿದ್ದರಂತೆ. ಮುಂದಿನ ಹಂತದ ಪ್ಯಾನಲ್ ಸಂದರ್ಶನದಲ್ಲಿ ಅದೇ ಮಾತು ಮೊದಲು ಬಂತು: 'ನೀವು ಸಿಬ್ಬಂದಿಯನ್ನು ಕೇಳಿ ಕೈ ಹಾಕಿದಿರಿ.'

ಬೇರೆಯವರ ಮಳಿಗೆಯಲ್ಲಿ ದೋಷ ಹುಡುಕುವ ಪರೀಕ್ಷೆ ಸ್ವಲ್ಪ ಕಷ್ಟದ್ದೇ. ತುಂಬಾ ದೋಷ ಬರೆದರೆ ಅಲ್ಲಿನವರಿಗೆ ನೋವಾಗುತ್ತದೆ, ಬರೆಯದಿದ್ದರೆ ನಿಮಗೆ ಕಣ್ಣಿಲ್ಲ ಅನ್ನುತ್ತಾರೆ. ಆಕೆ ಮೂರೇ ಬರೆದು, ಪ್ರತಿಯೊಂದಕ್ಕೂ ಏನು ಮಾಡಬಹುದು, ಎಷ್ಟು ಜನ ಬೇಕು ಅಂತ ಸೇರಿಸಿದ್ದಳು.

ಕಾರವಾರದ ಒಂದು ವರ್ಷ

ಐದನೇ ಹಂತ ಪ್ಯಾನಲ್. ಏರಿಯಾ ಮ್ಯಾನೇಜರ್, ಕಾರ್ಯಾಚರಣೆ ವಿಭಾಗದ ಒಬ್ಬರು, ಎಚ್‌ಆರ್. ಕಾರವಾರದ ಹೊಸ ಮಳಿಗೆಯ ಮೊದಲ ವರ್ಷದ ಯೋಜನೆ ಮಾಡಿಕೊಂಡು ಬನ್ನಿ ಅಂದರು. ಮಾದರಿಗೆ ಕಂಪನಿ ಒಂದು ಕ್ಯಾಲೆಂಡರ್ ಕಳಿಸಿತ್ತು. ಹುಬ್ಬಳ್ಳಿಗೂ ಮೈಸೂರಿಗೂ ಕಾರವಾರಕ್ಕೂ ಒಂದೇ ಕ್ಯಾಲೆಂಡರ್. ಏರು ಅಂದರೆ ದಸರಾ, ದೀಪಾವಳಿ. ಜೂನ್, ಜುಲೈ ಸಾಧಾರಣ.

ಆಕೆ ಶಿರಸಿಯವಳು, ಕಾರವಾರ ಅಷ್ಟಾಗಿ ಗೊತ್ತಿಲ್ಲ. ಘಟ್ಟದ ಮೇಲಿನ ಪೇಟೆಗೂ ಕೆಳಗಿನ ಪೇಟೆಗೂ ತುಂಬಾ ವ್ಯತ್ಯಾಸ. ಇದನ್ನು ಒಪ್ಪಿಕೊಂಡೇ ತಯಾರಿ ಶುರು ಮಾಡಿದಳು. ಒಂದು ಭಾನುವಾರ ಕಾರವಾರಕ್ಕೆ ಹೋದಳು. ದೇವಿಮನೆ ಘಟ್ಟದ ರಸ್ತೆ ಮಳೆಗಾಲದಲ್ಲಿ ನಂಬುವ ಹಾಗಿಲ್ಲ, ಅದಕ್ಕೆ ಯಲ್ಲಾಪುರದ ಮೇಲೆ ಅರಬೈಲ್ ಘಟ್ಟ ಇಳಿದಳು. ಭಾನುವಾರದ ಸಂತೆಯಲ್ಲಿ ಜನ ಏನು ಕೊಳ್ಳುತ್ತಾರೆ ಅಂತ ನೋಡಿದಳು. ಕಿರಾಣಿ ಅಂಗಡಿಯವರನ್ನು, ಮೀನು ಮಾರುವ ಹೆಂಗಸರನ್ನು, ನೌಕಾನೆಲೆಯ ಒಂದು ಕುಟುಂಬವನ್ನು ಮಾತಾಡಿಸಿದಳು. ಸಂಜೆಯ ಹೊತ್ತಿಗೆ ನೋಟ್‌ಬುಕ್ ತುಂಬಿತ್ತು.

ಆಕೆಯ ಯೋಜನೆಯ ತಿರುಳು ಹೀಗಿತ್ತು. ಕಾರವಾರದಲ್ಲಿ ಒಂದೇ ಬಗೆಯ ಗಿರಾಕಿ ಇಲ್ಲ. ಮೀನುಗಾರಿಕೆಯ ಹಣದಲ್ಲಿ ಬದುಕುವ ಮನೆಗಳಿವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆಗ ಅಲ್ಲಿ ಕೈಯಲ್ಲಿ ಹಣ ಕಡಿಮೆ. ಸೀಬರ್ಡ್ ನೌಕಾನೆಲೆಯ ಕುಟುಂಬಗಳಿವೆ, ಕೈಗಾ ಅಣು ವಿದ್ಯುತ್ ಸ್ಥಾವರದ ನೌಕರರಿದ್ದಾರೆ. ಅವರಿಗೆ ಮಳೆ ಬಂದರೂ ಬಿಸಿಲು ಬಂದರೂ ತಿಂಗಳಿಗೆ ಸಂಬಳ ಬರುತ್ತದೆ. ನೌಕಾನೆಲೆಯವರು ವರ್ಗವಾಗಿ ಬಂದಾಗ ಬಕೆಟ್, ಪರದೆ, ಅಡುಗೆ ಸಾಮಾನು, ಎಲ್ಲ ಒಂದೇ ಸಲ ಕೊಳ್ಳುತ್ತಾರೆ, ಹಿಂದಿಯಲ್ಲಿ ಕೇಳುತ್ತಾರೆ. ಮಾಜಾಳಿ ದಾಟಿದರೆ ಗೋವಾ. ದೊಡ್ಡ ಖರೀದಿಗೆ ಮಡಗಾಂವ್‌ಗೆ ಹೋಗುವ ಅಭ್ಯಾಸ ಅನೇಕರಿಗಿದೆ. ನಿಜವಾದ ಪೈಪೋಟಿ ಅದು, ಪಕ್ಕದ ಬೀದಿಯ ಅಂಗಡಿಗಿಂತ ಜಾಸ್ತಿ. ಹಬ್ಬ ಅಂದರೆ ಇಲ್ಲಿ ಚೌತಿ. ಮುಂಬೈ, ಗೋವಾ, ಬೆಂಗಳೂರಿನಲ್ಲಿರುವವರೆಲ್ಲ ಊರಿಗೆ ಬರುವುದು ಆಗಲೇ. ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ವ್ಯಾಪಾರವೂ ಇದೆ, ಕಂಪನಿಯ ಕ್ಯಾಲೆಂಡರ್‌ನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಏರಿಯಾ ಮ್ಯಾನೇಜರ್ ತಡೆದರು. 'ಹಾಗಾದರೆ ಮಳೆಗಾಲದ ಎರಡು ತಿಂಗಳು ಟಾರ್ಗೆಟ್ ಇಳಿಸಿ ಅಂತೀರಾ?'

ಇಂಥ ಪ್ರಶ್ನೆಗೆ ಅಭ್ಯರ್ಥಿಗಳು ಸಾಮಾನ್ಯವಾಗಿ ಹಿಂದೆ ಸರಿಯುತ್ತಾರೆ, ಇಲ್ಲ ಸರ್, ಹೇಗಾದರೂ ಮುಟ್ಟಿಸುತ್ತೇನೆ ಅನ್ನುತ್ತಾರೆ. ಆಕೆ ಹಾಗೆ ಅನ್ನಲಿಲ್ಲ. ಒಟ್ಟು ಟಾರ್ಗೆಟ್ ಇಳಿಸುವುದು ಬೇಡ, ಯಾವ ವಿಭಾಗದಿಂದ ಎಷ್ಟು ಅನ್ನುವುದನ್ನು ಬದಲಿಸಿ ಅಂದಳು. ಬಟ್ಟೆಯ ಪಾಲು ಕಡಿಮೆ ಮಾಡಿ. ತಾಜಾ ಮೀನು ದುಬಾರಿಯಾದಾಗ ಮನೆಗಳಲ್ಲಿ ಬೇಳೆ, ಮೊಟ್ಟೆ, ಒಣಮೀನು ಜಾಸ್ತಿ ಬೇಕು, ಆ ಜಾಗ ಹೆಚ್ಚಿಸಿ. ಕೊಡೆ, ರೇನ್‌ಕೋಟ್, ಗಾಳಿ ಆಡದ ಡಬ್ಬಿಗಳನ್ನು ಮೇ ಕೊನೆಯಲ್ಲೇ ಬಾಗಿಲ ಹತ್ತಿರ ತನ್ನಿ. ಕರಾವಳಿಯ ತೇವದಲ್ಲಿ ಹಪ್ಪಳ, ಹಿಟ್ಟು, ಉಪ್ಪು ಯಾವ ಮೂಲೆಯಲ್ಲಿ ಇಡಬಾರದು ಅಂತಲೂ ನಕ್ಷೆ ತೋರಿಸಿದಳು.

ಸರಕು ಬರುವ ದಾರಿಯ ಮಾತು ಇನ್ನೂ ಗಟ್ಟಿಯಾಗಿತ್ತು. ಪ್ಯಾಕೆಟ್ ಸಾಮಾನು ಹುಬ್ಬಳ್ಳಿಯ ಗೋದಾಮಿನಿಂದ ಅರಬೈಲ್ ಘಟ್ಟ ಇಳಿದು ಬರುತ್ತದೆ. ಮಂಗಳೂರು ಕಡೆಯಿಂದ ಬರುವುದು ಹೆದ್ದಾರಿ 66ರಲ್ಲಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಹಾನಿ ಆಯಿತು, ಆ ಹೆದ್ದಾರಿ ದಿನಗಟ್ಟಲೆ ಬಂದ್ ಆಯಿತು. ನಮ್ಮ ಜಿಲ್ಲೆಯವರು ಯಾರೂ ಅದನ್ನು ಮರೆತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲಾರಿ ನಾಳೆ ಬರುತ್ತದೆ ಅಂತ ಲೆಕ್ಕ ಹಾಕಬೇಡಿ, ಅಕ್ಕಿ, ಬೇಳೆ, ಎಣ್ಣೆ, ಹಾಲಿನ ಪುಡಿ ಇವಕ್ಕೆ ಮಾತ್ರ ಎರಡು ದಿನದ ಹೆಚ್ಚುವರಿ ಇಡಿ ಅಂದಳು. ದಿನಕ್ಕೆ 60 ಪ್ಯಾಕೆಟ್ ಎಣ್ಣೆ ಹೋಗುವ ಕಡೆ 120 ಪ್ಯಾಕೆಟ್ ಹೆಚ್ಚು. ಎಲ್ಲ ಸರಕಿಗೂ ಹೀಗೆ ಮಾಡಿದರೆ ಹಣ ಗೋದಾಮಿನಲ್ಲಿ ಕೂತುಬಿಡುತ್ತದೆ ಅಂತ ತಾನೇ ಸೇರಿಸಿದಳು. ಕೊನೆಯ ಮಾತು ಕೇಳಿ ಕಾರ್ಯಾಚರಣೆಯವರು ಏನೋ ಬರೆದುಕೊಂಡರಂತೆ.

ಆಮೇಲೆ ಲಾಭ ನಷ್ಟದ ಹಾಳೆ ಮುಂದಿಟ್ಟರು. ಬಾಡಿಗೆ, ವಿದ್ಯುತ್, ಸಂಬಳ, ಮಾರ್ಜಿನ್. ಇಡೀ ಮಳಿಗೆಯ ಲಾಭ ಹೇಗೆ ಓದುತ್ತೀರಿ? ಆಕೆಗೆ ಇದು ಬರುತ್ತಿರಲಿಲ್ಲ. 'ನಮ್ಮಲ್ಲಿ ಇದನ್ನು ಮಾಲೀಕರೇ ನೋಡುತ್ತಿದ್ದರು. ಸಂಬಳದ ಖರ್ಚು ಮಾರಾಟದ ಶೇಕಡ ಎಷ್ಟು ಅಂತ ಹೇಳಬಲ್ಲೆ, ಉಳಿದದ್ದು ಕಲಿಯಬೇಕು' ಅಂದಳು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಅದಕ್ಕೆ ಬೆಲೆಯೂ ತೆರಬೇಕಾಯಿತು.

ಉತ್ತರ ಬಾರದ ವಾರಗಳು

ಪ್ಯಾನಲ್ ಮುಗಿದ ಮೇಲೆ ಸುದ್ದಿ ಇಲ್ಲ. ಒಂದು ವಾರ ಬಿಟ್ಟು ಆಕೆ ನಾಲ್ಕು ಸಾಲಿನ ಇಮೇಲ್ ಕಳಿಸಿದಳು. ಅವಕಾಶಕ್ಕೆ ಧನ್ಯವಾದ, ಲಾಭ ನಷ್ಟದ ಹಾಳೆ ಓದುವುದನ್ನು ಅಭ್ಯಾಸ ಮಾಡುತ್ತಿದ್ದೇನೆ, ತೀರ್ಮಾನ ಯಾವಾಗ ಅಂತ ತಿಳಿಸಿ. ಅಷ್ಟೇ.

ಈ ಹೊತ್ತಿನಲ್ಲೇ ವಾಟ್ಸಾಪ್‌ಗೆ ಒಂದು ಸಂದೇಶ ಬಂತು. ನೀವು ಆಯ್ಕೆಯಾಗಿದ್ದೀರಿ, ಯೂನಿಫಾರ್ಮ್ ಮತ್ತು ತರಬೇತಿಗೆ ಹಣ ಕಟ್ಟಿ, ಸೇರಿದ ಮೇಲೆ ವಾಪಸ್ ಕೊಡುತ್ತೇವೆ. ಕಂಪನಿಯ ಲೋಗೋ ಕೂಡ ಇತ್ತು. ಆಕೆ ಹಣ ಕಳಿಸಲಿಲ್ಲ, ಎಚ್‌ಆರ್ ಮೊದಲು ಫೋನ್ ಮಾಡಿದ್ದ ನಂಬರಿಗೇ ಕರೆ ಮಾಡಿ ವಿಚಾರಿಸಿದಳು. ಅದು ಮೋಸ. ಕೆಲಸ ಕೊಡುವವರು ಅಭ್ಯರ್ಥಿಯಿಂದ ಹಣ ಕೇಳುವುದಿಲ್ಲ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕಾಯುತ್ತಾ ಕೂತ ಮನಸ್ಸು ಒಳ್ಳೆಯ ಸುದ್ದಿಯನ್ನು ಬೇಗ ನಂಬುತ್ತದೆ, ಅದಕ್ಕೇ ಈ ಹಂತದಲ್ಲಿ ಜಾಸ್ತಿ ಎಚ್ಚರ ಬೇಕು.

ಕೇಳಿದ ಹುದ್ದೆ ಸಿಗಲಿಲ್ಲ

ಆಗಸ್ಟ್‌ನಲ್ಲಿ ಫೋನ್ ಬಂತು. ಸ್ಟೋರ್ ಮ್ಯಾನೇಜರ್ ಹುದ್ದೆ ಕಂಪನಿಯೊಳಗಿನ ಒಬ್ಬರಿಗೆ ಹೋಗಿದೆ, ಅವರಿಗೆ ಲಾಭ ನಷ್ಟ ನೋಡಿದ ಅನುಭವ ಇದೆ. ನಿಮಗೆ ಅದೇ ಮಳಿಗೆಯಲ್ಲಿ ಅಸಿಸ್ಟೆಂಟ್ ಸ್ಟೋರ್ ಮ್ಯಾನೇಜರ್ ಕೊಡುತ್ತೇವೆ. ವರ್ಷಕ್ಕೆ 4,20,000.

ಆಕೆಗೆ ನಿರಾಸೆಯಾಯಿತು, ಮನೆಯವರಿಗೆ ಖುಷಿಯಾಯಿತು. ತಿಂಗಳಿಗೆ 35,000 ಅಂತ ಅವರು ಭಾಗಿಸಿಬಿಟ್ಟಿದ್ದರು. ನಾವು ಕೂತು ಲೆಕ್ಕ ಬಿಡಿಸಿದೆವು. ಮೂಲ ವೇತನ 17,500. ಕಂಪನಿ ಕಟ್ಟುವ ಶೇ 12 ಪಿಎಫ್ 2,100 ಆ ಮೊತ್ತದ ಒಳಗೇ ಇದೆ. ಗ್ರಾಚ್ಯುಟಿಯ ಪಾಲು ಸುಮಾರು 842. ಟಾರ್ಗೆಟ್ ಮುಟ್ಟಿದರೆ ಮಾತ್ರ ಸಿಗುವ ಭಾಗ 3,500. ಇವನ್ನು ಕಳೆದರೆ 28,558. ಅದರಿಂದ ಆಕೆಯ ಪಾಲಿನ ಪಿಎಫ್ 2,100, ವೃತ್ತಿ ತೆರಿಗೆ 200 ಹೋದರೆ ಕೈಗೆ 26,258. ಕಾರವಾರದಲ್ಲಿ ಕೋಣೆ ಬಾಡಿಗೆ, ಊಟ, ಓಡಾಟ ಬೇರೆ. ಶಿರಸಿಯ ಮಾಲೀಕರು ಇದೇ ಹೊತ್ತಿಗೆ 3,000 ಜಾಸ್ತಿ ಕೊಡುತ್ತೇನೆ, ಇಲ್ಲೇ ಇರು ಅಂದರು. ಮನೆಯ ಊಟ, ಮನೆಯ ಹಾಸಿಗೆ, 22,000 ಸಂಬಳ. ಹಣದ ಲೆಕ್ಕದಲ್ಲಿ ಶಿರಸಿಯೇ ಮೇಲಿತ್ತು.

ಆಕೆ ಎರಡು ದಿನ ಸಮಯ ಕೇಳಿದಳು. ಮೊತ್ತ ಏರಿಸಿ ಅಂತ ಎಳೆದಾಡಲಿಲ್ಲ, ಬೇರೆ ಮೂರು ವಿಷಯ ಬರಹದಲ್ಲಿ ಕೇಳಿದಳು. ಆರು ತಿಂಗಳ ನಂತರ ಯಾವ ಅಳತೆಯ ಮೇಲೆ ಪರಿಶೀಲಿಸುತ್ತೀರಿ? ತಿಂಗಳ ಲಾಭ ನಷ್ಟದ ಹಾಳೆ ಮ್ಯಾನೇಜರ್ ಜೊತೆ ಕೂತು ನೋಡಲು ಅವಕಾಶ ಕೊಡುತ್ತೀರಾ? ರಾತ್ರಿ ಮಳಿಗೆ ಮುಚ್ಚುವ ಪಾಳಿಯಲ್ಲಿ ಮನೆ ತಲುಪಿಸುವ ವ್ಯವಸ್ಥೆ ಏನು? ನಮ್ಮ ರಾಜ್ಯದಲ್ಲಿ ರಾತ್ರಿ 8ರ ನಂತರ ಮಹಿಳೆಯರನ್ನು ಅಂಗಡಿ ಕೆಲಸದಲ್ಲಿ ಇಟ್ಟುಕೊಳ್ಳಲು ಅವರ ಲಿಖಿತ ಒಪ್ಪಿಗೆ ಮತ್ತು ಸುರಕ್ಷತೆಯ ವ್ಯವಸ್ಥೆ ಬೇಕು. ಈ ವಿಷಯ ಕೇಳುವುದರಲ್ಲಿ ಸಂಕೋಚ ಪಡುವಂಥದ್ದು ಏನೂ ಇಲ್ಲ.

ಬಡ್ತಿಯ ಭರವಸೆ ಕೊಡಲು ಆಗುವುದಿಲ್ಲ ಅಂದರು. ಆಕೆ ಕೇಳಿದ ಮೂರಕ್ಕೂ ಇಮೇಲ್‌ನಲ್ಲಿ ಒಪ್ಪಿದರು. ಪರಿಶೀಲನೆಗೆ ಶ್ರಿಂಕೇಜ್, ಸರಕು ಶೆಲ್ಫ್‌ನಲ್ಲಿ ಇರುವ ಪ್ರಮಾಣ, ಸಿಬ್ಬಂದಿ ಬಿಟ್ಟುಹೋಗುವ ಪ್ರಮಾಣ ಅಂತ ಮೂರು ಅಳತೆ ಬರೆದುಕೊಟ್ಟರು. ಆಕೆ ಹೂಂ ಅಂದಳು. ನಾನು ಈ ತೀರ್ಮಾನವನ್ನು ಗೌರವಿಸುತ್ತೇನೆ. ಶಿರಸಿಯ ಅಂಗಡಿಯಲ್ಲಿ ಲಾಭ ನಷ್ಟದ ಹಾಳೆ ಆಕೆಯ ಕೈಗೆ ಯಾವತ್ತೂ ಬರುತ್ತಿರಲಿಲ್ಲ.

ಆರು ವರ್ಷಕ್ಕೆ ಪುರಾವೆ

ಕೊನೆಯದು ಹಿನ್ನೆಲೆ ಪರಿಶೀಲನೆ. ಇದನ್ನು ಬೇರೆ ಏಜೆನ್ಸಿ ಮಾಡುತ್ತದೆ. ಪಿಎಫ್‌ನ ಯುಎಎನ್ ನಂಬರ್ ಹಾಕಿದರೆ ಎಲ್ಲಿ ಎಷ್ಟು ದಿನ ಕೆಲಸ ಮಾಡಿದ್ದೀರಿ ಅಂತ ಕಾಣುತ್ತದೆ. ಆಕೆಗೆ ಯುಎಎನ್ ಇರಲೇ ಇಲ್ಲ. ಸಂಬಳದ ಚೀಟಿ, ನೇಮಕಾತಿ ಪತ್ರ, ಬಿಡುಗಡೆ ಪತ್ರ ಯಾವುದೂ ಇಲ್ಲ. ಏಜೆನ್ಸಿಯ ಕಣ್ಣಿಗೆ ಆರು ವರ್ಷ ಖಾಲಿ.

ಪತ್ರ ಕೊಡಲು ಮಾಲೀಕರು ಹಿಂದೇಟು ಹಾಕಿದರು. ಆಕೆಯ ಮೇಲಿನ ಸಿಟ್ಟು ಕಾರಣ ಆಗಿರಲಿಲ್ಲ. ಮೊದಲ ದಿನವೇ ನೇರವಾಗಿ ಹೇಳಿದ್ದಕ್ಕೆ ಅವರಿಗೆ ಗೌರವವೇ ಇತ್ತು. ಅವರ ಭಯ ಬೇರೆ: ಆರು ವರ್ಷ ಕೆಲಸ ಮಾಡಿದ್ದಾಳೆ ಅಂತ ಬರೆದುಕೊಟ್ಟರೆ ಪಿಎಫ್ ಯಾಕೆ ಕಟ್ಟಿಲ್ಲ ಅಂತ ಇಲಾಖೆ ಬಂದರೆ? ಈ ಭಯ ನಮ್ಮ ಕಡೆ ಎಷ್ಟೋ ಅಂಗಡಿಯವರಿಗಿದೆ. ಪಿಎಫ್ ಕಾಯ್ದೆ ಸಾಮಾನ್ಯವಾಗಿ ಅನ್ವಯವಾಗುವುದು 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ. ಅಲ್ಲಿದ್ದದ್ದು ಹದಿನಾಲ್ಕು ಜನ. ಇದನ್ನು ಅವರ ಲೆಕ್ಕಪರಿಶೋಧಕರೇ ಹೇಳಿದ ಮೇಲೆ ಅವರು ಸಮಾಧಾನವಾದರು. ನೇಮಕಾತಿ ಪತ್ರದ ಮಾತು ಬೇರೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ಕೆಲಸಗಾರರಿಗೆ ಅದನ್ನು ಕೊಡಬೇಕು. ಈಗ ಅವರು ಉಳಿದ ಹದಿಮೂರು ಜನರಿಗೂ ಬರೆದುಕೊಟ್ಟಿದ್ದಾರೆ. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಸಂಗತಿ ಇದು.

ಕೊನೆಗೆ ಏಜೆನ್ಸಿಗೆ ಹೋದದ್ದು ಇಷ್ಟು. ಲೆಟರ್‌ಹೆಡ್‌ನಲ್ಲಿ ಜಿಎಸ್‌ಟಿ ನಂಬರ್ ಸಮೇತ ಅನುಭವ ಪತ್ರ, ಸೇರಿದ ತಿಂಗಳು ಮತ್ತು ಕೆಲಸದ ವಿವರದೊಂದಿಗೆ. ಸಂಬಳ ಜಮಾ ಆದ ವರ್ಷಗಳ ಬ್ಯಾಂಕ್ ಸ್ಟೇಟ್‌ಮೆಂಟ್. ನಗದು ಪಡೆದ ವರ್ಷಗಳಿಗೆ ಅಂಗಡಿಯ ಸಂಬಳ ಪುಸ್ತಕದ ಪ್ರತಿ, ಅದರಲ್ಲಿ ಆಕೆಯ ಸಹಿ ಇತ್ತು. ಅಂಗಡಿಗೆ ಸರಕು ಕೊಡುತ್ತಿದ್ದ ಕಂಪನಿಯ ಸೇಲ್ಸ್ ಆಫೀಸರ್ ಒಬ್ಬರ ಫೋನ್ ನಂಬರ್, ಅವರ ಒಪ್ಪಿಗೆ ಪಡೆದು. ಏಜೆನ್ಸಿಯವರು ಅವರಿಗೆ ಕರೆ ಮಾಡಿದ್ದರು. ಮಾಲೀಕರ ಇಮೇಲ್‌ಗೂ ಪ್ರಶ್ನೆ ಹೋಯಿತು, ಅವರು ಅದೇ ದಿನ ಉತ್ತರಿಸಿದರು.

ಪರಿಶೀಲನೆ ಮುಗಿಯುವಷ್ಟರಲ್ಲಿ ಚೌತಿ ಕಳೆದಿತ್ತು. ನೇಮಕಾತಿ ಮಾಡುವವರಿಗೆ ನನ್ನ ಒಂದು ಕೋರಿಕೆ ಇದೆ. ಸಣ್ಣ ಅಂಗಡಿಯ ಅನುಭವಕ್ಕೆ ಯಾವ ಪುರಾವೆ ಒಪ್ಪುತ್ತೀರಿ ಅಂತ ಅರ್ಜಿಯ ಹಂತದಲ್ಲೇ ಹೇಳಿ. ಕೊನೆಯಲ್ಲಿ ಹೇಳಿದರೆ, ಐದು ಸುತ್ತು ದಾಟಿದವರು ಕಾಗದಕ್ಕಾಗಿ ಊರೂರು ಅಲೆಯಬೇಕಾಗುತ್ತದೆ. ಎಷ್ಟೋ ಜನರಿಗೆ ಅಂಥ ಮಾಲೀಕರು ಇರುವುದಿಲ್ಲ.

ಆಮೇಲೆ

ಮಳಿಗೆ ದೀಪಾವಳಿಗೆ ಮೊದಲೇ ತೆರೆಯಿತು. ಮೊದಲ ತಿಂಗಳು ಆಕೆ ಮುಚ್ಚುವ ಪಾಳಿಯಲ್ಲೇ ಇದ್ದಳು, ವಾಹನದ ವ್ಯವಸ್ಥೆ ಹೇಳಿದಂತೆ ಇತ್ತು. ಲಾಭ ನಷ್ಟದ ಹಾಳೆ ನೋಡುವ ಅವಕಾಶ ಮೊದಲ ಎರಡು ತಿಂಗಳು ಸಿಗಲಿಲ್ಲ. ಇಮೇಲ್ ನೆನಪಿಸಿದ ಮೇಲೆ ಮೂರನೇ ತಿಂಗಳಿನಿಂದ ಸಿಕ್ಕಿತು. ಕ್ರಿಸ್‌ಮಸ್‌ಗೆ ಆಕೆಯ ಪಟ್ಟಿಯಂತೆ ಕೇಕ್ ಸಾಮಗ್ರಿ, ಅಲಂಕಾರದ ಸರಕು ತರಿಸಿದರು.

ಆರು ತಿಂಗಳ ಪರಿಶೀಲನೆಯಲ್ಲಿ ಮೂರರಲ್ಲಿ ಎರಡು ಅಳತೆ ಮುಟ್ಟಿದಳು. ಶ್ರಿಂಕೇಜ್ ಮುಟ್ಟಲಿಲ್ಲ. ಸರಕು ಇಳಿಸಿಕೊಳ್ಳುವ ಕಡೆಗೆ ಎರಡನೇ ವ್ಯಕ್ತಿಯನ್ನು ನಾಲ್ಕನೇ ತಿಂಗಳವರೆಗೆ ಕೊಟ್ಟಿರಲಿಲ್ಲ. ಆಕೆ ಅದನ್ನು ತಿಂಗಳುವಾರು ಅಂಕಿಯೊಂದಿಗೆ ಬರೆದು ತೋರಿಸಿದಳು. ಎರಡನೆಯವರು ಬಂದ ಮೇಲೆ ಶ್ರಿಂಕೇಜ್ ಇಳಿದದ್ದು ಅದರಲ್ಲಿ ಕಾಣುತ್ತಿತ್ತು. ಪರಿಶೀಲನೆಯ ಹಾಳೆಯಲ್ಲಿ ಅದನ್ನು ದಾಖಲಿಸಿದ್ದಾರೆ.

ಈಗ ಕಂಪನಿ ಕುಮಟಾದಲ್ಲಿ ಇನ್ನೊಂದು ಮಳಿಗೆ ತೆರೆಯಲಿದೆ. ಸ್ಟೋರ್ ಮ್ಯಾನೇಜರ್ ಹುದ್ದೆಗೆ ಒಳಗಿನವರಿಗೆ ಎರಡೇ ಸುತ್ತು, ವಿಡಿಯೋ ಇಲ್ಲ. ಆಕೆ ಅರ್ಜಿ ಹಾಕಿದ್ದಾಳೆ. ಮೊದಲ ಸುತ್ತು ಲಾಭ ನಷ್ಟದ ಹಾಳೆಯ ಮೇಲೆಯೇ ಇತ್ತು, ಪಾಸಾಗಿದೆ. ಪ್ಯಾನಲ್‌ನ ದಿನಾಂಕ ಇನ್ನೂ ಬರಬೇಕು.